ಮೇಲ್ಮನವಿ ವಜಾ ಆದ ದಿನ

ನಿರೀಕ್ಷಾ ಮಗಳೇ,

ಇವತ್ತು ಸಿಡ್ನಿಯ ಕೋರ್ಟಿನಲ್ಲಿ ನನ್ನ ಮೇಲ್ಮನವಿ ವಜಾ ಆಯಿತು. ಇನ್ನು ಕಾನೂನಿನ ಪ್ರಕಾರ ನಿನ್ನನ್ನು ದತ್ತು ಪಡೆದ ಹೆಲೆನ್ ಅವರೇ ನಿನ್ನ ತಾಯಿ. ನಿನಗೆ ಪತ್ರ ಕಳಿಸುವ ಹಾಗೂ ಇಲ್ಲ. ಮೂರು ವರ್ಷದ ನಿನ್ನನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ನಾನು ಕೆಲಸಕ್ಕೆ ಹೋಗುತ್ತಿದ್ದುದನ್ನು ನ್ಯಾಯಾಧೀಶರು ಓದಿ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೊರಗೆ ಹೆಲೆನ್ ನನ್ನ ಬಳಿ ಬಂದು, “ನಿದ್ದೆಯಲ್ಲಿ ಅವಳು ‘ಬಲ, ಬಲ’ ಅಂತಾಳೆ. ಏನದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ನಮ್ಮ ತುಳುವಿನಲ್ಲಿ ‘ಬಾ’ ಅಂತ.”

“ಆಗ ನಾನೇನು ಮಾಡಲಿ?”

“ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಬೆನ್ನು ತಟ್ಟಿದರೆ ಸುಮ್ಮನಾಗ್ತಾಳೆ,” ಎಂದೆ.

ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ‘ಬಲ’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆ ಬರೆಯಬೇಕೆಂದು ನಾನೇ ಹೇಳಿಕೊಟ್ಟೆ.

ಇಂತಿ,
ವಾರಿಜಾ