ಹೇಳಿದ ಕಾಲಕ್ಕೆ ಮುರಿಯುವ ಹಲ್ಲು

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ ಅತ್ತೆಯ ಮುದ್ದು.

ನಿನ್ನ ಪತ್ರ ಬಂತು. ಎಂಜಿನಿಯರಿಂಗ್ ಸೇರಲೋ ಬಿಡಲೋ, ಈ ತಿಂಗಳೊಳಗೆ ಅಪ್ಪನಿಗೆ ಹೇಳಬೇಕು, ಅತ್ತೆ ಬೇಡ ಅಂದರೆ ಬಿಟ್ಟೇಬಿಡುತ್ತೇನೆ ಎಂದು ಬರೆದಿದ್ದೀಯ. ನಿನ್ನಪ್ಪ, ಅಂದರೆ ನನ್ನ ಅಣ್ಣ, ಮನೆಗೆ ಬಂದವರೆದುರೆಲ್ಲ ಮಗಳು ನನ್ನ ತಂಗಿಯ ಹಾಗಾಗಬೇಕು ಎನ್ನುತ್ತಾನಂತೆ. ಓದಿ ಮೈಯೆಲ್ಲ ಉರಿಯಿತು. ಅವನ ತಂಗಿ ಮಾಡುವ ಘನಂದಾರಿ ಕೆಲಸ ಏನೆಂದು ಹೇಳುತ್ತೇನೆ, ಕೇಳು.

ನಮ್ಮ ಕಂಪನಿ ಹಿಟ್ಟು ನಾದುವ ಯಂತ್ರ ಮಾಡುತ್ತದೆ. ಅದರ ಹೊಟ್ಟೆಯೊಳಗೆ ಹಲ್ಲಿನ ಚಕ್ರ ಒಂದಿದೆ, ಗೇರು. ನಾನು ಮೊದಲು ಮಾಡಿಸಿದ್ದು ಹಿತ್ತಾಳೆಯದು. ದೊಡ್ಡ ಸಾಹೇಬರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಇದು ಮೊಮ್ಮಕ್ಕಳ ಕಾಲಕ್ಕೂ ಬಾಳಿದರೆ ಮತ್ತೆ ನಮ್ಮಲ್ಲಿಗೆ ಯಾರಮ್ಮ ಬರುತ್ತಾರೆ ಎಂದು ನಕ್ಕರು. ಆಮೇಲೆ ಪ್ಲಾಸ್ಟಿಕ್ ಬಂತು. ಗ್ಯಾರಂಟಿ ಮುಗಿಯುವ ತನಕ ಮುರಿಯಬಾರದು, ಮುಗಿದ ಮೇಲೆ ಉಳಿಯಬಾರದು. ಅದಕ್ಕೆ ಹಲ್ಲು ಎಷ್ಟು ತೆಳ್ಳಗಿರಬೇಕೆಂದು ಲೆಕ್ಕ ಹಾಕಿದವಳು ನಾನು. ರಿಪೇರಿಯವರು ಬಿಚ್ಚದಿರಲೆಂದು ಮುಚ್ಚಳದ ಸ್ಕ್ರೂ ತೆಗೆಸಿ ಅಂಟು ಹಾಕಿಸಿದವಳೂ ನಾನೇ. ಪರೀಕ್ಷೆಯ ಕೋಣೆಯಲ್ಲಿ ಯಂತ್ರವನ್ನು ಬಿಡದೆ ಓಡಿಸಿದೆವು. ಅಂದುಕೊಂಡ ಗಳಿಗೆಗೇ ಹಲ್ಲು ಟಕ್ಕೆಂದು ಮುರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಟ್ಟೆಪಾಡಿಗಾಗಿ ನಾನೂ ತಟ್ಟಿದೆ ಎಂದು ಬರೆಯಲು ಹೊರಟಿದ್ದೆ. ಸುಳ್ಳು, ನನಗೆ ಖುಷಿಯೇ ಆಗಿತ್ತು. ಲೆಕ್ಕ ಸರಿಹೋಗಿತ್ತಲ್ಲ, ಥೂ.

ನಮ್ಮ ಕೆಳಗಿನ ಮನೆಯವಳು ಬ್ರೆಡ್ ಮಾಡಿ ಅಂಗಡಿಗಳಿಗೆ ಕೊಟ್ಟು ಜೀವನ ಮಾಡುತ್ತಾಳೆ. ನನ್ನ ಮಾತು ನಂಬಿ ನಮ್ಮ ಯಂತ್ರವನ್ನೇ ಕೊಂಡಿದ್ದಳು. ಗ್ಯಾರಂಟಿ ಮುಗಿದ ಬೆನ್ನಿಗೇ, ಹೋದ ವಾರ, ಅದು ನಿಂತುಹೋಯಿತು. ಮಗುವನ್ನು ಆಸ್ಪತ್ರೆಗೆ ತಂದವಳ ಹಾಗೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಊಟದ ಮೇಜಿನ ಮೇಲಿಟ್ಟಳು.

"ತಪ್ಪು ನಂದೇ ಇರ್ಬೇಕು ಅಕ್ಕಾ, ಜಾಸ್ತಿ ಹಿಟ್ಟು ಹಾಕ್ಬಿಟ್ಟೆ ಅನ್ಸತ್ತೆ. ನೀವು ಎಂಜಿನಿಯರು, ಸ್ವಲ್ಪ ನೋಡಿ," ಅಂದಳು.

ಅವಳ ಮುಂಗೈ ಊದಿಕೊಂಡಿತ್ತು. ಆರ್ಡರು ತಪ್ಪಬಾರದೆಂದು ಕೈಯಲ್ಲೇ ನಾದುತ್ತಿದ್ದಳಂತೆ. ನೋಡೋಣ ಬಿಡು ಎಂದು ಅವಳನ್ನು ಕಳಿಸಿದೆ. ಅವಳು ಹೋದ ಮೇಲೆ ಮುಚ್ಚಳ ಎಬ್ಬಿಸಲು ಕೂತರೆ ಉಗುರು ಕಿತ್ತುಬಂದರೂ ಅದು ಜಪ್ಪಯ್ಯ ಅನ್ನಲಿಲ್ಲ. ನನ್ನದೇ ಅಂಟು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ನಾಚಿಕೆಯಿಂದ ಮುಖ ಮುಚ್ಚಿಕೊಂಡೆ.

ಕಾಲೇಜಿನಲ್ಲಿ ನಾವು ಕಲಿತದ್ದು ವಸ್ತುವೊಂದು ಯಾಕೆ ಮುರಿಯುತ್ತದೆ, ಮುರಿಯದಂತೆ ಹೇಗೆ ಕಾಯಬೇಕು ಎಂದು. ಅದೇ ವಿದ್ಯೆಯನ್ನು ಮಗುಚಿ ಹಾಕಿ ಉಣ್ಣುತ್ತಿದ್ದೇವೆ. ಸಂಬಳ ಚೆನ್ನಾಗಿದೆ, ಕುರ್ಚಿ ಮೆತ್ತಗಿದೆ, ನಿನ್ನಪ್ಪನಿಗೆ ಕಾಣುವುದು ಅಷ್ಟೇ. ನನಗೆ ಬೆಳಿಗ್ಗೆ ಆಫೀಸಿನ ಬಾಗಿಲು ಕಂಡರೆ ವಾಕರಿಕೆ ಬರುತ್ತದೆ. ಬೇಡ ಕಣೇ. ಬೇರೆ ಏನನ್ನಾದರೂ ಓದು.

ಇಂತಿ,
ನಿನ್ನಪ್ಪ ಊರೆಲ್ಲ ಮೆರೆಸುವ ತಂಗಿ,
ನಿನ್ನ ಅತ್ತೆ

ಮರೆತಿದ್ದಲ್ಲ, ಮುಚ್ಚಿಟ್ಟಿದ್ದು: ಮೊನ್ನೆ ಸುತ್ತಿಗೆಯಿಂದ ಆ ಮುಚ್ಚಳ ಒಡೆದೆ. ಪರಿಚಯದ ವರ್ಕ್‌ಶಾಪಿನಲ್ಲಿ ನಾನೇ ನಿಂತು ಹಿತ್ತಾಳೆಯ ಗೇರು ಕೊರೆದು ಕೂರಿಸಿದೆ. ಎಷ್ಟೋ ವರ್ಷದ ಮೇಲೆ ಕೈಗೆ ಎಣ್ಣೆ ಹತ್ತಿತು, ಹಸಿವೆಯೂ ಆಯಿತು. ಕೆಳಗಿನವಳಿಗೆ ಒಂದೂ ಬಿಡದೆ ಎಲ್ಲ ಹೇಳಿದೆ. ಯಂತ್ರ ಎತ್ತಿಕೊಂಡು ಹೋದಳು, ಆಮೇಲೆ ಎದುರು ಸಿಕ್ಕರೂ ಅಕ್ಕಾ ಅನ್ನುತ್ತಿಲ್ಲ. ಮುರಿದ ಗೇರನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ, ಬೇಕೆಂದೇ ತೆಳ್ಳಗೆ ಮಾಡಿದ ಹಲ್ಲಿನ ಬುಡ ನೋಡು. ನೋಡಿ ಏನೂ ಅನ್ನಿಸದಿದ್ದರೆ ಎಂಜಿನಿಯರಿಂಗ್ ಕಡೆ ತಲೆ ಹಾಕಬೇಡ, ಅಂಥವರು ನಾವು ಬೇಕಾದಷ್ಟಿದ್ದೇವೆ. ಮೈ ಉರಿದರೆ, ಮೇಲೆ ಬರೆದದ್ದನ್ನೆಲ್ಲ ಹರಿದುಹಾಕಿ ಹೋಗಿ ಸೇರಿಕೋ.