ಹೊಸ್ತಿಲಿಗೆ ಹದಿನಾಲ್ಕು ಸೆಂಟಿಮೀಟರ್ ಕಡಿಮೆ

ಪುರಸಭೆಯ ಕಟ್ಟಡ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಪ್ರೌಢಶಾಲೆಯ ಬಾಗಿಲಿಗೆ ನೀವು ಕಟ್ಟಿಸಿದ ಗಾಲಿಕುರ್ಚಿಯ ಇಳಿಜಾರು ಹೊಸ್ತಿಲಿಗಿಂತ ಹದಿನಾಲ್ಕು ಸೆಂಟಿಮೀಟರ್ ಕೆಳಗೇ ನಿಂತುಬಿಟ್ಟಿದೆ. ನನ್ನ ತಂಗಿ ಪೊಲಿಕ್ಸೇನಿ ಅದರ ತುದಿಯವರೆಗೆ ಹೋಗಿ, ಬಾಗಿಲನ್ನು ನೋಡಿ, ಹಾಗೇ ಹಿಂದಕ್ಕೆ ಇಳಿದು ಬಂದಳು. ಇಪ್ಪತ್ತೆರಡು ವರ್ಷ ಅದೇ ಬಾಗಿಲಲ್ಲಿ ನಡೆದುಹೋಗಿ ರೇಖಾಗಣಿತ ಕಲಿಸಿದವಳು. ಹೋದ ನವೆಂಬರಿನಲ್ಲಿ ಆಲಿವ್ ಕೊಯ್ಯುವಾಗ ಮರದಿಂದ ಬಿದ್ದಳು, ಕಾಲು ಹೋಯಿತು. ಸೆಪ್ಟೆಂಬರ್ ಒಂದರಂದು ಯಾರ ನೆರವೂ ಇಲ್ಲದೆ ಶಾಲೆಯೊಳಗೆ ಹೋಗಿ ಸಹಿ ಹಾಕದಿದ್ದರೆ ಅವಳ ಕೆಲಸ ಇನ್ನೊಬ್ಬರಿಗೆ. ಇವತ್ತು ಆಗಸ್ಟ್ ಇಪ್ಪತ್ತಾರು.

ತಪ್ಪು ಹೇಗಾಯಿತೆಂದು, ಬರೀ ಹೆಂಚು ಹೊದಿಸುವ ನಾನೇ ನಿಮಗೆ ಹೇಳಬೇಕೇ? ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ, ಒಂದಕ್ಕೆ ಐವತ್ತರ ಪ್ರಮಾಣದಲ್ಲಿ ಬರೆದಿದ್ದರು. ನಿಮ್ಮ ಕಚೇರಿಯ ಯಂತ್ರಕ್ಕೆ ಅಷ್ಟು ದೊಡ್ಡ ಹಾಳೆ ಹಿಡಿಸದೆ, ಅದರರ್ಧದ ಹಾಳೆಗೆ ಕುಗ್ಗಿಸಿ ಮುದ್ರಿಸಿದಿರಿ. ಅಳತೆಯ ಅಂಕಿಗಳು ಇರುವೆ ಸಾಲಿನಂತಾದವು. 'ಒಂದಕ್ಕೆ ಐವತ್ತು' ಎಂಬ ದಪ್ಪಕ್ಷರ ಮಾತ್ರ ಉಳಿಯಿತು. ಗುತ್ತಿಗೆದಾರ ಪಟ್ಟಿಯಿಟ್ಟು ಅಳೆದ, ಐವತ್ತರಿಂದ ಗುಣಿಸಿದ, ಕಾಂಕ್ರೀಟು ಸುರಿದ. ಹಾಳೆಯ ವಿಸ್ತೀರ್ಣ ಅರ್ಧವಾದರೆ ಅದರ ಗೆರೆಗಳ ಉದ್ದ ನೂರಕ್ಕೆ ಎಪ್ಪತ್ತೊಂದರಷ್ಟಾಗುತ್ತದೆ. ನೂರು ಸೆಂಟಿಮೀಟರ್ ಇರಬೇಕಾದ ಅಗಲ ಎಪ್ಪತ್ತೊಂದಾಯಿತು. ನಲವತ್ತೆಂಟು ಏರಬೇಕಾದದ್ದು ಮೂವತ್ತನಾಲ್ಕಕ್ಕೇ ಸುಸ್ತಾಯಿತು.

ದೂರು ಕೊಟ್ಟೆ. ನಿಮ್ಮ ತಪಾಸಣೆಯವರು ಬಂದು ಕೋನ ಅಳೆಯುವ ಕೋಲು ಇಟ್ಟರು.

"ಹನ್ನೆರಡಕ್ಕೆ ಒಂದು. ಒಂದೆಳೆ ಆಚೀಚೆ ಇಲ್ಲ. ಇನ್ನೇನ್ರೀ ಬೇಕು ನಿಮಗೆ?"

"ಬಾಗಿಲು ಬೇಕು ಸ್ವಾಮಿ," ಎಂದೆ.

ಪೊಲಿಕ್ಸೇನಿ ಕುರ್ಚಿಯಿಂದಲೇ ಅವರತ್ತ ತಿರುಗಿ ನಕ್ಕಳು. "ಲೋ, ತ್ರಿಕೋನಾನ ಎಷ್ಟು ಕುಗ್ಗಿಸಿದ್ರೂ ಕೋನ ಹಾಗೇ ಇರತ್ತೆ ಕಣೋ. ಬೆಂಕಿಪೊಟ್ಟಣದಷ್ಟು ಕಟ್ಟಿದ್ರೂ ನಿನ್ನ ಕೋಲು ಸರಿ ಅಂತ್ಲೇ ಹೇಳತ್ತೆ. ನನ್ನ ಕ್ಲಾಸಲ್ಲೇ ಕಲ್ತಿದ್ಯಲ್ಲೋ!"

"ಕಲ್ತಿದ್ದೆ ಟೀಚರ್. ಆದ್ರೆ ಫಾರಂನಲ್ಲಿ ಇಳಿಜಾರಿಗೆ ಮಾತ್ರ ಕಾಲಂ ಇದೆ," ಎಂದವರೇ ತಲೆ ತಗ್ಗಿಸಿ 'ಸರಿಯಿದೆ' ಎಂದು ಬರೆದು ಹೋದರು.

ಕೋಲಿನ ನೆರಳಿನಿಂದ ಗೋಪುರದ ಎತ್ತರ ಹೇಳುವ ವಿದ್ಯೆ ನಮ್ಮ ಗ್ರೀಕರದೆಂದು ನೀವು ಪ್ರತಿ ಭಾಷಣದಲ್ಲೂ ಎದೆಯುಬ್ಬಿಸುತ್ತೀರಿ. ಅದನ್ನು ಕಲಿಸುವವಳು ಬೀದಿಯಲ್ಲಿ ನಿಂತರೆ ನಡೆಯುತ್ತದೆಯೇ? ನಾನೇ ಸರಿಮಾಡುತ್ತೇನೆಂದರೆ, ಸಾರ್ವಜನಿಕ ಕಟ್ಟಡ ಮುಟ್ಟಿದರೆ ಶಿಕ್ಷೆ ಎಂದು ಪತ್ರ ಕಳಿಸಿದಿರಿ. ಆ ಪತ್ರ ಮಾತ್ರ ಪೂರ್ತಿ ಅಳತೆಯ ಹಾಳೆಯಲ್ಲೇ ಬಂತು.

"ನಾನೇ ಎತ್ಕೊಂಡು ಹೋಗ್ತೀನಿ ಕಣೇ," ಎಂದೆ ನಿನ್ನೆ.

"ನೆರವು ತಗೊಂಡ್ರೆ ಸಹಿ ಹಾಕೋಕೆ ಬಿಡಲ್ಲ. ಅದೂ ದಿನಾನಾ? ಆಮೇಲೆ ನಿನ್ನ ಸೊಂಟಕ್ಕೂ ಒಂದು ಕುರ್ಚಿ ತರ್ಬೇಕಾಗತ್ತೆ, ಸುಮ್ನಿರಣ್ಣ." ಅಷ್ಟು ಹೇಳಿ, ಕರಿಹಲಗೆಗೆ ಬಳಸುವ ತನ್ನ ಮರದ ದೊಡ್ಡ ಕೈವಾರವನ್ನು ಒರೆಸಿ ನನ್ನ ಕೈಗಿಟ್ಟಳು. "ಹೊಸಬರು ಬಂದ್ರೆ ಕೊಟ್ಬಿಡು."

ಮಾನ್ಯರೇ, ನಾನದನ್ನು ಯಾರಿಗೂ ಕೊಡುವುದಿಲ್ಲ. ಮೂವತ್ತೊಂದರೊಳಗೆ ಆ ಇಳಿಜಾರನ್ನು ಒಡೆದು ಸರಿಯಾಗಿ ಕಟ್ಟಿಸಿ, ಕೈಮುಗಿಯುತ್ತೇನೆ. ಇಲ್ಲದಿದ್ದರೆ ಪೂರ್ತಿ ಅಳತೆಯ ಮರದ ಇಳಿಜಾರೊಂದು ನನ್ನ ಅಂಗಳದಲ್ಲಿ ಸಿದ್ಧವಾಗಿದೆ. ಒಂದರ ಬೆಳಿಗ್ಗೆ ಅದನ್ನು ನಿಮ್ಮದರ ಮೇಲೆ ಹೊದಿಸುತ್ತೇನೆ. ಪೊಲೀಸರನ್ನು ಕಳಿಸುವುದಾದರೆ ಕಳಿಸಿ. ಅವಳು ಒಳಗೆ ಹೋಗಿ ಸಹಿ ಹಾಕುವಷ್ಟು ಹೊತ್ತು ಮಾತ್ರ ಕಾಯಲು ಹೇಳಿ.

ಇಂತಿ,
ತಂಗಿ ಕಲಿಸುವ ರೇಖಾಗಣಿತದಲ್ಲೇ ಎರಡು ಸಲ ನಪಾಸಾದ ಅಣ್ಣ,
ಸ್ತಮಾತಿಸ್, ಹೆಂಚಿನ ಕೆಲಸದವ