ಬಾಯಿಮಾತಿನ ಹಣ

ಬೇಲೂರು, ೧೨-೯-೧೯೬೩

ಚಿ. ಸಂಪತ್ಕುಮಾರನಿಗೆ ಆಶೀರ್ವಾದ.

ಸಂಜೆ ಆರಾಯಿತು. ಮಧ್ಯಾಹ್ನ ಅರಸೀಕೆರೆ ಬಸ್ಸಿನಲ್ಲಿ ಒಬ್ಬ ಅಪರಿಚಿತ ಬಂದು, ನೀನು ಕುವೈತಿನಿಂದ ಕಳಿಸಿದ ಹಣವೆಂದು ಒಂದು ಕವರು ಚಾಚಿದ. ರಸೀದಿ ಕೇಳಿದೆ.

"ಇದು ಬ್ಯಾಂಕಿನ ದಾರಿ ಅಲ್ಲ ಸ್ವಾಮಿ, ಬಾಯಿಮಾತಿನ ಮೇಲೆ ನಡೆಯೋದು. ಅಮ್ಮಾವ್ರ ಕೈಗೇ ಕೊಡು ಅಂದವ್ರೆ ನಿಮ್ ಮಗ. ಕರೀರಿ" ಎಂದ.

ನಾನು ಹಣ ಮುಟ್ಟದೆ ಅವನನ್ನು ಕವರಿನ ಸಮೇತ ವಾಪಸು ಕಳಿಸಿದೆ. ಅಮ್ಮ ತೀರಿಕೊಂಡದ್ದನ್ನು ಆ ವಾರವೇ ನಿನಗೆ ಬರೆದಿದ್ದೆ. ಅವನು ಸುಳ್ಳುಗಾರನೋ, ನನ್ನ ಕಾಗದವೇ ನಿನಗೆ ತಲುಪಲಿಲ್ಲವೋ ತಿಳಿಯದು. ತಲುಪಿರದಿದ್ದರೆ, ಮಗು, ಹೀಗೆ ತಿಳಿಸಿದ್ದಕ್ಕೆ ಬೇಸರಪಡಬೇಡ.

ಇನ್ನು ಬ್ಯಾಂಕಿನ ಮೂಲಕ ನನ್ನ ಹೆಸರಿಗೇ ಕಳಿಸು. ಮೊದಲು ನಿನ್ನ ಕೈಯಾರೆ ಒಂದು ಸಾಲು ಬರೆ.

ನಾಳೆ ಅವಳ ಎರಡನೆಯ ಮಾಸಿಕ. ನಿನ್ನ ಪರವಾಗಿ ನಾನೇ ಮಾಡುತ್ತೇನೆ.

ನಿನ್ನ ತಂದೆ,
ಅನಂತಸ್ವಾಮಿ